ಸುತ್ತೋಲೆಗೊಂದು ವಿಳಾಸ, ಪ್ರಬಂಧಕ್ಕೊಂದು ಲಿಪಿ: ಹಾಸನ ವಿಶ್ವವಿದ್ಯಾಲಯಕ್ಕೆ ಬಹಿರಂಗ ಪತ್ರ

ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ, ಮೌಲ್ಯಮಾಪನ ಕುಲಸಚಿವರಿಗೆ ಮತ್ತು ಹೇಮಗಂಗೋತ್ರಿ ಆವರಣದ ಎಲ್ಲ ವಿಭಾಗಗಳ ಮುಖ್ಯಸ್ಥರಿಗೆ,

ನಮಸ್ಕಾರ.

ಜುಲೈನಲ್ಲಿ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಮಳೆ ಹಿಡಿದುಕೊಂಡರೆ ರಾತ್ರಿ ಒಂಬತ್ತರ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡತೊಡಗುತ್ತದೆ. ರಜೆ ಆದೇಶ. ಮೊಹರು ಇರುತ್ತದೆ, ಸಹಿ ಇರುತ್ತದೆ, ದಿನಾಂಕದ ಜಾಗ ಮಾತ್ರ ಮಸುಕು. ಅದು ಈ ವರ್ಷದ್ದೋ ಹೋದ ವರ್ಷದ್ದೋ, ಶಾಲೆ, ಅಂಗನವಾಡಿಗಳಿಗೆ ಮಾತ್ರವೋ ಪದವಿ ಕಾಲೇಜಿಗೂ ಸೇರಿತೋ, ನಾಳೆ ಬೆಳಿಗ್ಗೆಯ ಸೆಮಿಸ್ಟರ್ ಪರೀಕ್ಷೆ ಇದೆಯೋ ಇಲ್ಲವೋ ಎಂದು ತಿಳಿಯಲು ವಿದ್ಯಾರ್ಥಿಗೆ ಇರುವ ದಾರಿ ಒಂದೇ: ಇನ್ನೊಂದು ಗುಂಪಿನಲ್ಲಿ ಕೇಳುವುದು. ಅಲ್ಲಿರುವವರಿಗೂ ಅದೇ ಫೋಟೊ ಬಂದಿರುತ್ತದೆ.

ಇದನ್ನು ಸುಳ್ಳು ಸುದ್ದಿ ಹರಡುವವರ ತಲೆಗೆ ಕಟ್ಟುವುದು ಸುಲಭ. ನಮ್ಮ ಲೆಕ್ಕದಲ್ಲಿ ಮೊದಲ ಕಾರಣ ಬೇರೆ. ಮೂಲ ಪ್ರತಿ ಎಲ್ಲಿದೆ ಎಂದು ಹೋಗಿ ನೋಡಲು ಒಂದು ಜಾಗ ಇಲ್ಲದಿದ್ದಾಗ ನಕಲೇ ಮೂಲವಾಗಿಬಿಡುತ್ತದೆ. ಹಾಗಾಗಿ ಈ ಪತ್ರದ ಬೇಡಿಕೆ ಚಿಕ್ಕದು. ವಿಶ್ವವಿದ್ಯಾಲಯ ಹೊರಡಿಸುವ ಪ್ರತಿ ಕಾಗದವೂ, ಇಲ್ಲಿ ಬರೆಯಲಾಗುವ ಪ್ರತಿ ಪ್ರಬಂಧವೂ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಲ್ಲೂ ಪ್ರತಿ ಅಕ್ಷರಕ್ಕೆ ಒಂದೇ ಸಂಕೇತ ಇರುವ ಪದ್ಧತಿ) ಕನ್ನಡದ ನಿಜವಾದ ಪಠ್ಯವಾಗಿ, ಬದಲಾಗದ ಒಂದು ವಿಳಾಸದಲ್ಲಿ ಸಿಗಬೇಕು. ಇದಕ್ಕೆ ದೊಡ್ಡ ಯೋಜನೆಯಾಗಲಿ, ಕೋಟಿಗಟ್ಟಲೆ ಟೆಂಡರ್ ಆಗಲಿ ಬೇಕಿಲ್ಲ. ರಾಜ್ಯದ ಬಹುತೇಕ ಕಚೇರಿಗಳಲ್ಲಿ ಬೇರೂರಿದ ಅಭ್ಯಾಸಗಳ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇವೆ. ಹೊಸ ವಿಶ್ವವಿದ್ಯಾಲಯವೊಂದು ಅವನ್ನೆಲ್ಲ ಬಳುವಳಿಯಾಗಿ ಹೊತ್ತುಕೊಳ್ಳಬೇಕಾಗಿಲ್ಲ ಎಂಬುದೇ ನಿಮಗೆ ಬರೆಯಲು ಕಾರಣ.

ಸುತ್ತೋಲೆಯಿಂದಲೇ ಶುರು ಮಾಡೋಣ. ಸಾಮಾನ್ಯವಾಗಿ ನಡೆಯುವುದು ಹೀಗೆ: ಗುಮಾಸ್ತರು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ, ಮುದ್ರಿಸುತ್ತಾರೆ, ಸಹಿ ಬೀಳುತ್ತದೆ, ಮೊಹರು ಬೀಳುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದು ಗುಂಪಿಗೆ ಹಾಕುತ್ತಾರೆ. ಅಂದರೆ ಪಠ್ಯವಾಗಿ ಹುಟ್ಟಿದ್ದನ್ನು ನಾವೇ ಚಿತ್ರ ಮಾಡಿ ಕೊಲ್ಲುತ್ತೇವೆ. ಒಂದು ಎ4 ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ ಚುಕ್ಕಿಗಳಾಗುತ್ತವೆ. ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ. ಅದೇ ಹಾಳೆಯಲ್ಲಿರುವ ಕನ್ನಡ ಹೆಚ್ಚೆಂದರೆ 2000 ಸಂಕೇತ (ಅಕ್ಷರ, ಗುಣಿತಚಿಹ್ನೆ, ಹಲಂತ ಒಂದೊಂದಕ್ಕೂ ಒಂದೊಂದು). ಯೂನಿಕೋಡಿನಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಒಟ್ಟು 6 ಕೆಬಿ. 26 ಎಂಬಿಯನ್ನು ವಾಟ್ಸ್‌ಆ್ಯಪ್ ಹಿಂಡಿ ಹಿಂಡಿ ಚಿಕ್ಕದು ಮಾಡುತ್ತದೆ, ಆಗಲೇ ದಿನಾಂಕ ಮಸುಕಾಗುವುದು. 6 ಕೆಬಿ ಮಾತ್ರ ಬಿಸಿಲೆ ಘಾಟಿಯ ಆಚೆ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಇಳಿಯುತ್ತದೆ.

ಚಿತ್ರಕ್ಕೆ ಇನ್ನೊಂದು ಕೊರತೆ ಇದೆ. ಕಣ್ಣು ಕಾಣದ ವಿದ್ಯಾರ್ಥಿಗಳು ಬಳಸುವ ಎನ್‌ವಿಡಿಎಯಂಥ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಫೋಟೊ ಬಂದರೆ ಅದು 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ಈ ಬಗೆಯ ಮಾಹಿತಿ ಅವರಿಗೂ ಎಟುಕಬೇಕು ಎನ್ನುತ್ತದೆ. ಹಾಗೆಯೇ ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ಕಲಂ 17 ಬಗೆಯ ಮಾಹಿತಿಯನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಿಡಬೇಕು ಎನ್ನುತ್ತದೆ, 4(4) ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಿ ಎನ್ನುತ್ತದೆ. ನೀವು ಮೊದಲೇ ಹಾಕಿಟ್ಟದ್ದಕ್ಕೆ ಯಾರೂ 10 ರೂಪಾಯಿ ಕಟ್ಟಿ ಅರ್ಜಿ ಕೊಡುವುದಿಲ್ಲ, 30 ದಿನದ ಗಡುವಿಗೆ ಕಡತ ಹುಡುಕುವ ಕೆಲಸವೂ ನಿಮ್ಮ ಸಿಬ್ಬಂದಿಗೆ ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಸುತ್ತೋಲೆಯ ಪಠ್ಯ ಮೊದಲು ವಿಶ್ವವಿದ್ಯಾಲಯದ ಜಾಲತಾಣದ ಪುಟವಾಗಿ ಬರಲಿ, ಸಹಿ ಮಾಡಿದ ಪಿಡಿಎಫ್ ಅದರ ಕೆಳಗೆ ಲಗತ್ತಾಗಲಿ. ಪುಟದ ವಿಳಾಸದಲ್ಲಿ ವರ್ಷ ಮತ್ತು ಸುತ್ತೋಲೆ ಸಂಖ್ಯೆ ಇರಲಿ, ಬೇರೇನೂ ಬೇಡ. ಯಾವ ವಿಭಾಗ, ಯಾವ ಅಧಿಕಾರಿ ಎಂಬುದನ್ನು ವಿಳಾಸದಲ್ಲಿ ಸೇರಿಸಿದರೆ ವಿಭಾಗದ ಹೆಸರು ಬದಲಾದ ದಿನ ಕೊಂಡಿ ಮುರಿಯುತ್ತದೆ. ಹಿಂದಿನ ಸುತ್ತೋಲೆಯನ್ನು ರದ್ದು ಮಾಡಿದ್ದರೆ ಹಳೆಯದನ್ನು ಅಳಿಸಬೇಡಿ. 'ಇದರ ಬದಲು ಇಂಥ ಸಂಖ್ಯೆ ನೋಡಿ' ಎಂದು ಅದರ ನೆತ್ತಿಯ ಮೇಲೆ ಬರೆಯಿರಿ. ಸೂಚನಾ ಫಲಕಕ್ಕೆ ಹಾಕುವ ಮುದ್ರಿತ ಪ್ರತಿಯ ಮೂಲೆಯಲ್ಲಿ ಆ ಪುಟದ ಕ್ಯೂಆರ್ ಕೋಡ್ ಇರಲಿ. ಆಮೇಲೆ ಗುಂಪಿಗೆ ಕಳುಹಿಸುವುದು ಕೊಂಡಿ ಮಾತ್ರ. ಫೋಟೊ ಓಡಾಡುವುದು ನಿಲ್ಲುವುದಿಲ್ಲ, ಅದು ನಮಗೂ ಗೊತ್ತು. ಆದರೆ ಅನುಮಾನ ಬಂದವನಿಗೆ ಹೋಗಿ ನೋಡಲು ಜಾಗ ಇರುತ್ತದೆ.

ಈ ಪದ್ಧತಿ ಹಾಸನಕ್ಕೆ ಹೊಸದೇನಲ್ಲ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ 5ನೇ ಸಂಪುಟವಾಗಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಪ್ರತಿ ಕಲ್ಲಿಗೂ ತಾಲ್ಲೂಕುವಾರು ಒಂದು ಸಂಖ್ಯೆ ಕೊಟ್ಟರು: ಬೇಲೂರು ಇಷ್ಟು, ಅರಸೀಕೆರೆ ಇಷ್ಟು. ಹೊಯ್ಸಳರ ಬಗ್ಗೆ ಬರೆಯುವವರು ಇಂದಿಗೂ ಆ ಸಂಖ್ಯೆ ಹಿಡಿದೇ ಮಾತಾಡುತ್ತಾರೆ. ಕಲ್ಲು ಗುಡಿಯಿಂದ ವಸ್ತುಸಂಗ್ರಹಾಲಯಕ್ಕೆ ಹೋದರೂ ಸಂಖ್ಯೆ ಕದಲಿಲ್ಲ. ನಿಮ್ಮ ಸುತ್ತೋಲೆಗೆ ಬೇಕಾದದ್ದೂ ಅದೇ.

ಪಠ್ಯಕ್ರಮದ ವಿಷಯದಲ್ಲಿ ಇದು ಇನ್ನೂ ತುರ್ತು. 2021-22ರಿಂದ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಓದಿದರು. 2024-25ರಿಂದ ಸೇರಿದವರಿಗೆ ರಾಜ್ಯ ಮತ್ತೆ ಮೂರು ವರ್ಷದ ಪದವಿ, ಬೇರೆ ಪಠ್ಯ ತಂದಿತು. ಅದಕ್ಕೂ ಹಿಂದಿನ ಬಾಕಿ ವಿಷಯದವರು ಮೈಸೂರು ವಿಶ್ವವಿದ್ಯಾಲಯದ ಹಳೆಯ ಪಠ್ಯದವರು. ಈಗ ಯಾರಾದರೂ 'ಬಿ.ಎ. ಮೂರನೇ ಸೆಮಿಸ್ಟರ್ ಇತಿಹಾಸ ಪಠ್ಯಕ್ರಮ' ಎಂದು ಹುಡುಕಿದರೆ ಮೂರು ಕಡತ ಸಿಗುತ್ತವೆ, ಮೂರರ ಹೆಸರೂ 'ಸಿಲಬಸ್ ಫೈನಲ್' ಎಂಬ ಥರದ್ದು. ಕಡತದ ಹೆಸರಿನಲ್ಲಿ, ಮೊದಲ ಪುಟದಲ್ಲಿ, ಪ್ರತಿ ಪುಟದ ಅಡಿಯಲ್ಲಿ 'ಯಾವ ವರ್ಷ ಪ್ರವೇಶ ಪಡೆದವರಿಗೆ' ಎಂಬ ಒಂದು ಸಾಲು ಸೇರಿಸಿದರೆ ಸಾಕು. ಪರೀಕ್ಷೆಗೆ ಹತ್ತು ದಿನ ಇರುವಾಗ ತಪ್ಪು ಪಠ್ಯ ಓದಿದ್ದೇವೆ ಎಂದು ಅರಿವಾಗುವವರ ಸಂಖ್ಯೆ ಈ ಒಂದು ಸಾಲಿನಿಂದ ಇಳಿಯುತ್ತದೆ.

ಒಂದು ಕಹಿ ಮಾತನ್ನೂ ಹೇಳಬೇಕು. 2025ರ ಫೆಬ್ರವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ಹಳೆಯವುಗಳಲ್ಲಿ ಸೇರಿಸುವ ಮಾತು ಸಂಪುಟ ಉಪಸಮಿತಿಯಿಂದ ಬಂದಾಗ ಹಾಸನದ ಹೆಸರೂ ಆ ಪಟ್ಟಿಯಲ್ಲಿತ್ತು. ವಿಶ್ವವಿದ್ಯಾಲಯ ಉಳಿಯಲಿ ಎಂಬುದೇ ನಮ್ಮ ಆಸೆ. ಆದರೆ ಆಡಳಿತದ ಗಡಿಗಳು ಹೀಗೆ ಅಲುಗಾಡುತ್ತಿರುವಾಗ ಜಾಲತಾಣ ಯಾವ ದಿನ ಬೇರೆ ಹೆಸರಿಗೆ ಹೋಗುತ್ತದೋ, ಗುತ್ತಿಗೆದಾರ ಬದಲಾದಾಗ ಯಾವ ಕಡತ ಕಳೆಯುತ್ತದೋ ಹೇಳಲಾಗದು. ಗುತ್ತಿಗೆಯ ಕರಾರಿನಲ್ಲೇ ಎರಡು ಷರತ್ತು ಬರೆಯಿರಿ: ತಾಣ ಬದಲಾದರೆ ಹಳೆಯ ವಿಳಾಸಗಳೆಲ್ಲ ಹೊಸದಕ್ಕೆ ತಾವಾಗಿ ತಿರುಗಬೇಕು, ಪೂರ್ಣ ಪ್ರತಿ ವಿಶ್ವವಿದ್ಯಾಲಯದ ಕೈಗೆ ಬರಬೇಕು. ಮತ್ತೆ ಮುಖ್ಯವಾದ ಪ್ರತಿ ಪುಟವನ್ನು ಜಾಲಪುಟಗಳ ಹಳೆಯ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ. ವಿಳಾಸ ಅಂಟಿಸಿ ಒಂದು ಗುಂಡಿ ಒತ್ತುವ ಕೆಲಸ, ಖರ್ಚಿಲ್ಲ.

ಎಸ್ಸೆಮ್ಮೆಸ್ ಕಳುಹಿಸುವುದಾದರೆ ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದೂ ಅಕ್ಷರವಲ್ಲ, ಸಂಕೇತ: 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 6 ಖರ್ಚಾಗುತ್ತದೆ. 70 ದಾಟಿದರೆ ತಲಾ 67ರಂತೆ ತುಂಡಾಗಿ ದುಡ್ಡೂ ಅಷ್ಟಷ್ಟು ಹೆಚ್ಚುತ್ತದೆ. ಹಾಗಾಗಿ 'ಬಿ.ಕಾಂ 3ನೇ ಸೆಮ್ ವೇಳಾಪಟ್ಟಿ ಬದಲು' ಎಂದು ಒಂದೇ ಸಾಲು, ಜೊತೆಗೆ ಕೊಂಡಿ. ವಂದನೆ, ತಿಳುವಳಿಕೆ, 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಯಾವುದೂ ಬೇಡ.

ಇನ್ನು ಪ್ರಬಂಧಗಳು. ಇಲ್ಲಿ ತುಸು ನಿಧಾನವಾಗಿ ಹೇಳಬೇಕಾಗುತ್ತದೆ, ಏಕೆಂದರೆ ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ.

ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಆದರೂ ಕನ್ನಡದ ಎಷ್ಟೋ ಎಂ.ಎ. ಪ್ರಬಂಧ, ಪಿಎಚ್.ಡಿ. ಮಹಾಪ್ರಬಂಧಗಳು ಇಂದಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಬಗೆಯ ಫಾಂಟುಗಳಲ್ಲಿ ಟೈಪ್ ಆಗುತ್ತಿವೆ. ಈ ಫಾಂಟುಗಳ ಉಪಾಯ ಸರಳವಾಗಿತ್ತು: ಕಂಪ್ಯೂಟರಿಗೆ ಲ್ಯಾಟಿನ್ ಅಕ್ಷರವನ್ನೇ ಕೊಟ್ಟು, ತೆರೆಯ ಮೇಲೆ ಕನ್ನಡದ ತುಣುಕಿನಂತೆ ಚಿತ್ರಿಸುವುದು. ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಕಾಣುವ ಪದದ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಂದು ಗೀಟಿನ ಎ. ಮುದ್ರಿಸುವವರೆಗೂ ಚೆಂದ. ಹುಡುಕಲು ಹೊರಟರೆ ಆ ಪ್ರಬಂಧದಲ್ಲಿ ಕನ್ನಡದ ಒಂದಕ್ಷರವೂ ಇಲ್ಲ.

ಆ ತಂತ್ರಾಂಶಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವು ಬರದಿದ್ದರೆ ಆ ಕಾಲದಲ್ಲಿ ಕಚೇರಿಗಳಲ್ಲಿ ಕನ್ನಡವೇ ಉಳಿಯುತ್ತಿರಲಿಲ್ಲ. ಅಂಟಿಕೊಂಡದ್ದು ಬೇರೆ ಕಾರಣಕ್ಕೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಪುಟ ವಿನ್ಯಾಸಕ್ಕೆ ಇನ್ನೂ ಪೇಜ್‌ಮೇಕರ್ 7 ನಡೆಯುತ್ತದೆ. 2001ರಲ್ಲಿ ಬಂದ ಅದರ ಕೊನೆಯ ಆವೃತ್ತಿಗೂ ಯೂನಿಕೋಡ್ ಕನ್ನಡ ಗೊತ್ತಿಲ್ಲ. ವಿದ್ಯಾರ್ಥಿ ಮೊಬೈಲಿನಲ್ಲಿ ಯೂನಿಕೋಡಿನಲ್ಲೇ ಬರೆದುಕೊಂಡು ಹೋದರೂ ಅಂಗಡಿಯವರು 'ನುಡಿಗೆ ಹಾಕಿಸಿ ಕೊಡಿ' ಎನ್ನುತ್ತಾರೆ.

ಇದರಿಂದ ಆಗುವ ನಷ್ಟ ಹುಡುಕಾಟಕ್ಕೆ ಮಾತ್ರ ಸೀಮಿತವಲ್ಲ. ಯುಜಿಸಿಯ 2018ರ ನಿಯಮದಂತೆ ಪ್ರಬಂಧದ ಹೋಲಿಕೆ (ಬೇರೆಯವರ ಬರಹದೊಡನೆ ಹೊಂದುವ ಭಾಗ) 10 ಪ್ರತಿಶತದವರೆಗೆ ಇದ್ದರೆ ದಂಡನೆ ಇಲ್ಲ, 40ರವರೆಗೆ ತಿದ್ದಿ ಆರು ತಿಂಗಳೊಳಗೆ ಕೊಡಬೇಕು, 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಈಗ ನುಡಿ ಫಾಂಟಿನ ಕಡತವನ್ನು ಹೋಲಿಕೆ ಪರೀಕ್ಷೆಗೆ ಹಾಕಿದರೆ ಯಂತ್ರ ನೋಡುವುದು ಪೌಂಡ್ ಚಿಹ್ನೆಗಳ ಸರಮಾಲೆಯನ್ನು. ಜಾಲದಲ್ಲಿರುವ ಯೂನಿಕೋಡ್ ಕನ್ನಡದೊಡನೆ ಅದು ಹೊಂದಲು ಸಾಧ್ಯವೇ ಇಲ್ಲ. ಪುಟಗಟ್ಟಲೆ ಎತ್ತಿ ಹಾಕಿದವನಿಗೂ ಶುದ್ಧ ಎಂಬ ಪ್ರಮಾಣಪತ್ರ ಸಿಗಬಹುದು. ಹಾಗೆ ಬಂದ ಸೊನ್ನೆಯನ್ನು ಯಾವ ಸಂಶೋಧನಾ ಸಮಿತಿಯೂ ನಂಬಬಾರದು.

ಪಿಎಚ್.ಡಿ. ಪದವಿ ಘೋಷಿಸುವ ಮೊದಲೇ ಮಹಾಪ್ರಬಂಧದ ಇ-ಪ್ರತಿಯನ್ನು ಗಾಂಧಿನಗರದಲ್ಲಿರುವ ವಿಶ್ವವಿದ್ಯಾಲಯ ಗ್ರಂಥಾಲಯ ಜಾಲದ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ಗೆ ಕೊಡಬೇಕೆಂಬ ನಿಯಮ ಇದೆ, ಅದು ಶೋಧಗಂಗಾ ಎಂಬ ಮಹಾಪ್ರಬಂಧಗಳ ಜಾಲ ಭಂಡಾರದಲ್ಲಿ ಸೇರುತ್ತದೆ. ಅಲ್ಲಿ ಶೀರ್ಷಿಕೆ ಸಿಗುತ್ತದೆ, ಹಳೆಯ ಫಾಂಟಿನದ್ದಾದರೆ ಒಳಗಿನ ಪಠ್ಯ ಮಾತ್ರ ಹುಡುಕಾಟಕ್ಕೆ ಬೀಗ ಹಾಕಿದ ಪೆಟ್ಟಿಗೆ. ಎಂ.ಎ., ಎಂ.ಎಸ್ಸಿ. ಕಿರು ಪ್ರಬಂಧಗಳಿಗೆ ಆ ಭಾಗ್ಯವೂ ಇಲ್ಲ, ವಿಭಾಗದ ಬೀರುವಿನಲ್ಲಿ ಧೂಳು ತಿನ್ನುತ್ತವೆ. ಆಲೂಗಡ್ಡೆಯ ಅಂಗಮಾರಿ, ಸಕಲೇಶಪುರ–ಆಲೂರಿನ ಕಾಡಾನೆ, ಅರಸೀಕೆರೆಯ ತೆಂಗು, ಕಾಫಿ ತೋಟದ ಕೂಲಿ ಲೆಕ್ಕ: ಇವುಗಳ ಮೇಲೆ ಊರೂರು ಸುತ್ತಿ ಬರೆದದ್ದು ಆ ಊರಿನವರಿಗೇ ಸಿಗುವುದಿಲ್ಲ ಎಂದರೆ ಅದಕ್ಕಿಂತ ವ್ಯರ್ಥ ಇನ್ನೇನು?

ಹೊಸ ಪ್ರಬಂಧಗಳಿಗೆ ಪರಿಹಾರ ಸುಲಭ, ಅಭ್ಯಾಸ ಬದಲಿಸಬೇಕಾಗಿಯೂ ಇಲ್ಲ. ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ವಿನ್ಯಾಸ ಅದೇ, ಬೆರಳು ಅದೇ. ಅಕ್ಷರಕ್ಕೆ ನೋಟೊ ಸೆರಿಫ್ ಕನ್ನಡ, ನಿರ್ಮಲ ಯುಐ, ತುಂಗಾ ಇವೆ. ಪುಟ ವಿನ್ಯಾಸಕ್ಕೆ ಉಚಿತವಾದ ಲಿಬ್ರೆ ಆಫೀಸ್ ಸಾಕು. ಇನ್‌ಡಿಸೈನ್ ಬಳಸುವವರು ಪ್ಯಾರಾಗ್ರಾಫ್ ಆಯ್ಕೆಯಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆರಿಸದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಉದುರುತ್ತವೆ, ಆಮೇಲೆ 'ಯೂನಿಕೋಡ್ ಸರಿಯಿಲ್ಲ' ಎಂದು ಮತ್ತೆ ಪೇಜ್‌ಮೇಕರ್‌ಗೆ ಓಡುತ್ತಾರೆ. ಪ್ರಬಂಧ ಸ್ವೀಕರಿಸುವ ಮೇಜಿನಲ್ಲಿ ಒಂದು ನಿಮಿಷದ ಪರೀಕ್ಷೆ ಸಾಕು: ಪಿಡಿಎಫ್‌ನ ಯಾವುದಾದರೂ ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಪೌಂಡ್ ಚಿಹ್ನೆ ಬಂದರೆ ಹಿಂದಕ್ಕೆ ಕಳುಹಿಸಿ. ಕನ್ನಡವೇ ಬಂದು ಒತ್ತುಗಳು ಮಾತ್ರ ಅಲ್ಲಲ್ಲಿ ಕಳಚಿದ್ದರೆ ತಪ್ಪು ವಿದ್ಯಾರ್ಥಿಯದ್ದಲ್ಲ. ಪಿಡಿಎಫ್ ಅಕ್ಷರದ ಆಕಾರವನ್ನು ಇಟ್ಟುಕೊಳ್ಳುವ ಬಗೆಯಲ್ಲೇ ಆ ದೋಷ ಇದೆ, ಕನ್ನಡದಂಥ ಲಿಪಿಗಳಲ್ಲಿ ಆಗಾಗ ಆಗುತ್ತದೆ. ಆದ್ದರಿಂದ ಪಿಡಿಎಫ್ ಜೊತೆಗೆ ಮೂಲ ವರ್ಡ್ ಅಥವಾ ಓಡಿಟಿ (ಲಿಬ್ರೆ ಆಫೀಸ್‌ನ) ಕಡತವನ್ನೂ ಕಡ್ಡಾಯವಾಗಿ ಪಡೆದುಕೊಳ್ಳಿ.

ಹಳೆಯವನ್ನು ಪರಿವರ್ತಿಸುವುದು ಇದಕ್ಕಿಂತ ತ್ರಾಸದ ಕೆಲಸ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, 250 ಪುಟ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಎಡವುವುದು ಮೂರು ಕಡೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ 'ಕರ್ನಾಟಕ'ವೇ ಕೆಡುತ್ತದೆ. ಎರಡನೆಯದು ನಡುನಡುವೆ ಬಂದ ಇಂಗ್ಲಿಷ್: ಗ್ರಂಥಋಣದ ಇಂಗ್ಲಿಷ್ ಹೆಸರುಗಳು ಟೈಮ್ಸ್ ಫಾಂಟಿನಲ್ಲಿರುತ್ತವೆ, ಫಾಂಟ್ ನೋಡದೆ ಇಡೀ ಕಡತವನ್ನು ಪರಿವರ್ತಿಸಿದರೆ ಅವೂ ಕನ್ನಡದ ಕಸವಾಗುತ್ತವೆ. ವರ್ಡ್‌ನಲ್ಲಿ ಫಾಂಟ್ ಆಧಾರದ ಮೇಲೆ ಆಯ್ದು ಕನ್ನಡ ಭಾಗವನ್ನಷ್ಟೇ ಪರಿವರ್ತಿಸಬೇಕು. ಮೂರನೆಯದು ಕೋಷ್ಟಕಗಳು, ಅಡಿಟಿಪ್ಪಣಿಗಳು. ಅವನ್ನು ಕೈಯಲ್ಲೇ ನೋಡಬೇಕು.

ಮುದ್ರಿತ ಪ್ರತಿ ಮಾತ್ರ ಉಳಿದಿದ್ದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಟೆಸ್ಸರ‍್ಯಾಕ್ಟ್ ಎಂಬ ತಂತ್ರಾಂಶದ ಮೂಲಕ ಅಕ್ಷರ ಗುರುತಿಸಬಹುದು. ದ–ಧ, ಪ–ಷ, ಘ–ಫ, ಮ–ವು ಇವುಗಳಲ್ಲಿ ಅದು ತಪ್ಪುತ್ತದೆ. ಎಲ್ಲವನ್ನೂ ತಿದ್ದಲು ಕೂತರೆ ಕೆಲಸ ಮುಗಿಯುವುದಿಲ್ಲ. ಶೀರ್ಷಿಕೆ, ಸಾರಾಂಶ, ಪರಿವಿಡಿ ಮಾತ್ರ ಪೂರ್ತಿ ತಿದ್ದಿ, ಉಳಿದದ್ದು ಹುಡುಕಾಟಕ್ಕೆ ನೆರವಾಗುವಷ್ಟು ಇರಲಿ.

ಯೂನಿಕೋಡಿಗೆ ಬಂದ ಮೇಲೂ ನಾವು ಬೆರಳಲ್ಲೇ ಕೆಡಿಸುವುದುಂಟು. ಅನುಸ್ವಾರದ 'ಂ' ಬದಲು ಅಂಕಿಯ ಸೊನ್ನೆ '೦' ಒತ್ತುವುದು, ಅರ್ಕಾವತ್ತಿನ ಬದಲು ಅಂಕಿ '೯' ಇಟ್ಟು 'ಸಂಪಕ೯' ಎಂದು ಬರೆಯುವುದು. ಕಣ್ಣಿಗೆ ಒಂದೇ, ಹುಡುಕುಯಂತ್ರಕ್ಕೆ ಬೇರೆ ಬೇರೆ ಪದ. ಕನ್ನಡ ಅಕ್ಷರಕ್ಕೆ ಅಂಟಿಕೊಂಡ ೦ ಮತ್ತು ೯ ಎಲ್ಲಿವೆ ಎಂದು ಸಲ್ಲಿಕೆಗೆ ಮುನ್ನ ಒಮ್ಮೆ ಹುಡುಕಿ ಬದಲಿಸಿದರೆ ಮುಗಿಯಿತು. 'ವಿಶ್ವವಿದ್ಯಾಲಯ', 'ವಿಶ್ವವಿದ್ಯಾನಿಲಯ' ಎರಡೂ ಚಾಲ್ತಿಯಲ್ಲಿವೆ, 'ಅರಕಲಗೂಡು', 'ಅರ್ಕಲಗೂಡು' ಕೂಡ. ಯಾವುದು ಸರಿ ಎಂಬ ಜಗಳಕ್ಕೆ ಹೋಗದೆ ಪ್ರಬಂಧದ ವಿವರದಲ್ಲಿ ಎರಡನ್ನೂ ದಾಖಲಿಸಿ.

ಇವೆಲ್ಲವನ್ನೂ ಇಡಲು ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಡಿಸ್ಪೇಸ್ ತಂತ್ರಾಂಶ ಇದೆ, ಉಚಿತ, ಪ್ರತಿ ಪ್ರಬಂಧಕ್ಕೂ ಬದಲಾಗದ ವಿಳಾಸ ಕೊಡುತ್ತದೆ. ನಮ್ಮ ತಾಯಿ ವಿಶ್ವವಿದ್ಯಾಲಯವಾದ ಮೈಸೂರಿನಲ್ಲೇ 2000ದ ಸುಮಾರಿಗೆ ವಿದ್ಯಾನಿಧಿ ಎಂಬ ಯೋಜನೆಯಡಿ ಭಾರತೀಯ ಭಾಷೆಗಳ ಮಹಾಪ್ರಬಂಧಗಳ ವಿವರವನ್ನು ಯೂನಿಕೋಡಿನಲ್ಲಿ ದಾಖಲಿಸುವ ಕೆಲಸ ನಡೆದಿತ್ತು. ದಾರಿ ಗೊತ್ತಿಲ್ಲ ಎನ್ನುವಂತಿಲ್ಲ.

ಸಂಶೋಧನಾ ಪತ್ರಿಕೆಗಳ ಚಂದಾ ವಿಷಯ ಎರಡೇ ಮಾತು. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ತೆರೆದಿವೆ. ಕ್ಯಾಂಪಸ್ಸಿನ ಆಚೆ ಅವನ್ನು ಓದಲು ಗ್ರಂಥಾಲಯ ಪ್ರತಿ ವಿದ್ಯಾರ್ಥಿಗೂ ಲಾಗಿನ್ ಮಾಡಿಕೊಡಬೇಕು. ಇಲ್ಲದಿದ್ದರೆ ಊರಿಗೆ ಹೋದ ಸಂಶೋಧಕನಿಗೆ ಬಾಗಿಲು ಮುಚ್ಚಿದಂತೆಯೇ. ಅಲ್ಲಿರುವುದು ಬಹುಪಾಲು ಇಂಗ್ಲಿಷ್ ಎಂಬುದನ್ನೂ ಮರೆಯುವಂತಿಲ್ಲ. ಕನ್ನಡದಲ್ಲಿ ಓದುವವರಿಗೆ ನಮ್ಮದೇ ಭಂಡಾರ ಆಗಬೇಕು.

ಪ್ರವೇಶದ ಮೇಜಿನಲ್ಲಿ ಒಂದು ಎಚ್ಚರಿಕೆ ಫಲಕ ಹಾಕಿಸಿ. ವಿದ್ಯಾರ್ಥಿಯ ಗುರುತಿಗೆ ಕೊಡುವ 12 ಅಂಕಿಯ ಅಪಾರ್ ಸಂಖ್ಯೆ ಮಾಡಿಸುವಾಗ ಹೆಸರು ಆಧಾರ್ ಜೊತೆ ಹೊಂದಬೇಕು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಸೈಬರ್ ಸೆಂಟರಿನಲ್ಲಿ ಅಂದಾಜಿಗೆ ಬದಲಿಸಿ ಅದನ್ನು ಕಳೆದುಕೊಳ್ಳುವ ಮುನ್ನ ಅಂಕಪಟ್ಟಿ ಎದುರಿಗಿಟ್ಟುಕೊಂಡು, ಅದರಂತೆಯೇ ಒಂದೇ ಸಲಕ್ಕೆ ತಿದ್ದಿಸಲಿ.

ಎಲ್ಲವನ್ನೂ ತೆರೆದಿಡಿ ಎಂದು ಕೇಳುತ್ತಿರುವ ನಾವೇ ಮುಚ್ಚಿಡಬೇಕಾದದ್ದನ್ನೂ ಹೇಳಬೇಕು. ಪ್ರವೇಶ ಪಟ್ಟಿ, ವಿದ್ಯಾರ್ಥಿವೇತನ ಪಟ್ಟಿಗಳಲ್ಲಿ ಫೋನ್ ಸಂಖ್ಯೆ, ಜಾತಿ, ಆಧಾರ್, ಬ್ಯಾಂಕ್ ಖಾತೆ ಸಮೇತ ಎಕ್ಸೆಲ್ ಹಾಳೆಯನ್ನೇ ನೇರವಾಗಿ ಅಥವಾ ಪಿಡಿಎಫ್ ಮಾಡಿ ಹಾಕುವ ರೂಢಿ ಕಚೇರಿಗಳಲ್ಲಿದೆ. ಎಕ್ಸೆಲ್‌ನಲ್ಲಿ ಕಾಲಂ ಅಡಗಿಸಿದರೆ ಸಾಲದು, ಕಡತ ತೆರೆದವರು ಮತ್ತೆ ಬಿಡಿಸುತ್ತಾರೆ. ಅಳಿಸಿಯೇ ಹಾಕಬೇಕು. ನೋಂದಣಿ ಸಂಖ್ಯೆ ಮತ್ತು ಫಲಿತಾಂಶ, ಇಷ್ಟೇ ಸಾಕು.

ಎಲ್ಲಿಂದ ಶುರು ಮಾಡುವುದು ಎಂದು ನೀವು ಕೇಳಿದರೆ ನಮ್ಮ ಸಲಹೆ ಇದು: ಮುಂದಿನ ಸೆಮಿಸ್ಟರಿನ ಪರೀಕ್ಷಾ ವೇಳಾಪಟ್ಟಿಯೊಂದನ್ನು ಫೋಟೊ ತೆಗೆಯದೆ, ಪಠ್ಯವಾಗಿ, ಸಂಖ್ಯೆ ಹಾಕಿ ಪ್ರಕಟಿಸಿ. ಅದೇ ವಾರ ಕನ್ನಡ ವಿಭಾಗದ ಬೀರುವಿನಿಂದ ಹತ್ತು ಪ್ರಬಂಧ ಹೊರತೆಗೆಸಿ, ಅವುಗಳ ಮೂಲ ಕಡತ ಯಾರ ಬಳಿ ಇವೆ ಎಂದು ವಿಚಾರಿಸಿ. ಪೆನ್‌ಡ್ರೈವ್‌ಗಳು ಕೆಟ್ಟುಹೋಗುತ್ತವೆ, ಡಿಟಿಪಿ ಅಂಗಡಿಗಳು ವರ್ಷಕ್ಕೊಮ್ಮೆ ಹಾರ್ಡ್‌ಡಿಸ್ಕ್ ಖಾಲಿ ಮಾಡುತ್ತವೆ. ಪರಿವರ್ತನೆ, ಕರಡು ತಿದ್ದುವ ಕೆಲಸಕ್ಕೆ ಶನಿವಾರಗಳಂದು ಬಂದು ಕೂರಲು ನಮ್ಮಲ್ಲಿ ಕೆಲವರು ಸಿದ್ಧರಿದ್ದೇವೆ. ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್ ಕೊಟ್ಟರಾಯಿತು.

ಇಂತಿ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕಾಲೇಜು ಗ್ರಂಥಪಾಲಕರು, ಅಧ್ಯಾಪಕರು